ಎಂಟು ಎಂದು ಬರೆದ ಸಂಜೆ

ಚೂಡಾಮಣಿ ಮೊದಲ ಸಲ ಬಾಗಿಲು ತಟ್ಟಿದಾಗ ಸೇತುರಾಮ ಅವಳನ್ನು ಮತದಾರರ ಪಟ್ಟಿಯವಳೆಂದುಕೊಂಡು, "ಇರೋದೇ ಇಬ್ರು. ನಾನು, ನಮ್ಮಮ್ಮ," ಎಂದುಬಿಟ್ಟ.

"ನನಗೆ ಜನ ಬೇಡ ಸಾರ್. ನಿಮ್ಮ ಟೆರೇಸ್ ಬೇಕು," ಎಂದು ಅವಳು ನಕ್ಕಳು.

ಅದು ಎಂಬತ್ತೆಂಟರ ಏಪ್ರಿಲ್. ಜಯನಗರದ ಟಿ ಬ್ಲಾಕಿನಲ್ಲಿ ಸುತ್ತಲೂ ಮರವಿಲ್ಲದ ಮಹಡಿ ಸಿಕ್ಕಿದ್ದು ಅವಳ ಪುಣ್ಯವೋ, ಬ್ಯಾಂಕ್ ಗುಮಾಸ್ತ ಸೇತುರಾಮನ ಪುಣ್ಯವೋ, ಅಂತೂ ಅವನು ಹೂಂ ಅಂದ. ಅವಳು ಪಿಎಚ್‌ಡಿಗೆ ಗಾಳಿಯನ್ನು ಓದುತ್ತಿದ್ದಳು. ಗಂಜಿಯಲ್ಲಿ ಅಯೊಡೈಡ್ ಉಪ್ಪು ಕಲಸಿ ಹಚ್ಚಿದ ಕಾಗದದ ಪಟ್ಟಿಯೊಂದನ್ನು ಅವನು ದಿನಾ ಬೆಳಿಗ್ಗೆ ನೆರಳಲ್ಲಿ ತೂಗುಹಾಕಬೇಕು. ಸಂಜೆ ನೀರಲ್ಲಿ ಅದ್ದಿದರೆ, ಗಾಳಿಯಲ್ಲಿ ಓಝೋನ್ ಹೆಚ್ಚಿದ್ದಷ್ಟೂ ಅದು ನೀಲಿಯಾಗುತ್ತದೆ. ಆ ಬಣ್ಣಕ್ಕೆ ಹತ್ತರೊಳಗೆ ಒಂದು ಅಂಕಿ ಬರೆಯಬೇಕು.

"ಊರಿನ ಹೊಗೆ ಎಲ್ಲಿಗೆ ಹೋಗುತ್ತೆ ಅನ್ಕೊಂಡಿದೀರಾ?" ಎಂದು, ಪ್ರತಿ ಶನಿವಾರ ಅಂಕಿಗಳನ್ನು ನೋಡಲು ಬರುತ್ತಿದ್ದ ಅವಳು ಒಂದು ಸಲ ಕೇಳಿದಳು.

"ನಮ್ಮಮ್ಮನ ಸೀರೆಗೆ."

"ತಮಾಷೆ ಬೇಡ. ಗುಡುಗಿನ ಮೋಡ ಅದನ್ನ ಎಳ್ಕೊಂಡು ಹತ್ತು ಕಿಲೋಮೀಟರ್ ಮೇಲೆ ಬಿಡುತ್ತೆ. ಅಲ್ಲಿ ಬಿಸಿಲು ಬಿದ್ದು ಓಝೋನ್ ಆಗುತ್ತೆ. ಮಳೆ ಜೊತೆ ಬೀಸೋ ತಣ್ಣನೆ ಗಾಳಿ ಮೇಲಿಂದ ಸ್ವಲ್ಪ ಕೆಳಕ್ಕೂ ತರುತ್ತೆ. ಅದನ್ನೇ ಹಿಡೀಬೇಕು ನಾನು."

ಒಂದು ಕಣ್ಣು ಮುಚ್ಚಿ ಅವಳು ಪಟ್ಟಿಯ ಬಣ್ಣ ನೋಡುವಾಗ ಸೇತುರಾಮ ಅವಳ ಇನ್ನೊಂದು ಕಣ್ಣನ್ನು ನೋಡುತ್ತಿದ್ದ. ಅವಳು ತಟ್ಟನೆ ತಿರುಗಿದರೆ ನೀರಿನ ಟ್ಯಾಂಕನ್ನು ನೋಡುತ್ತಿದ್ದ. ಆ ಟ್ಯಾಂಕಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಮೇ ತಿಂಗಳ ಒಂದು ಶನಿವಾರ ದೊಡ್ಡ ಗುಡುಗು ಮಳೆ ಹೊಯ್ಯಿತು. ಸಂಜೆ ಅವನು ಬರೆದ ಅಂಕಿ ಎಂಟು. ಮುಂದಿನ ಶನಿವಾರ ಬಂದು ಅದನ್ನು ಕಂಡ ಚೂಡಾಮಣಿ ಮಕ್ಕಳಂತೆ ಚಪ್ಪಾಳೆ ತಟ್ಟಿದಳು.

ದೀಪಾವಳಿ ಕಳೆದ ಮೇಲಿನ ಭಾನುವಾರ ಅವಳು ಟೈಪು ಮಾಡಿಸಿದ ಥೀಸಿಸ್ ಹಿಡಿದು ಬಂದಳು. ಮರುದಿನ ಸಲ್ಲಿಸಬೇಕಿತ್ತು. ಕೃತಜ್ಞತೆಯ ಪುಟದಲ್ಲಿ ಸೇತುರಾಮನ ಹೆಸರಿತ್ತು.

"ಅವತ್ತಿನ ಎಂಟು ಇಲ್ದಿದ್ರೆ ಇದೆಲ್ಲಾ ಆಗ್ತಾನೇ ಇರ್ಲಿಲ್ಲ," ಎಂದಳು.

ಸೇತುರಾಮ ಆ ಪುಟದಲ್ಲಿ ತನ್ನ ಹೆಸರನ್ನು ಇನ್ನೊಮ್ಮೆ ಓದಿದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಇವಳು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ. ಆದರೆ ಅವಳ ಹೆಸರಿನ ಪುಸ್ತಕದಲ್ಲಿ ತನ್ನ ಸುಳ್ಳು ಕೂತಿರುವುದನ್ನು ಅವನ ಮನಸ್ಸು ಒಪ್ಪಲಿಲ್ಲ.

"ಆ ಎಂಟು ನಾನೇ ಬರ್ದಿದ್ದು, ಚೂಡಾಮಣಿ ಅವರೇ. ಪಟ್ಟಿ ಗಾಳಿಗೆ ಕಿತ್ಕೊಂಡು ಮೋರಿಗೆ ಬಿದ್ದಿತ್ತು. ನಿಮಗೆ ಖುಷಿಯಾಗ್ಲಿ ಅಂತ..."

"ಮನೇಲಿರ್ಲಿಲ್ವಾ ನೀವು?"

"ಮೋಡ ಕಟ್ತಲ್ಲ, ನೀವು ನೆನೀತೀರಿ ಅಂತ ಛತ್ರಿ ತಗೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಎರಡು ಗಂಟೆ ಕಾದೆ. ಅವತ್ತು ನೀವು ಬರ್ಲೇ ಇಲ್ಲ."

"ನೆನೆದ್ರೆ ನಾನೇನು ಕರಗಿ ಹೋಗ್ತಿದ್ನಾ?" ಎಂದಳು. "ನನ್ನ ಒಂದು ವರ್ಷ ಹೋಯ್ತು, ಸೇತುರಾಮ್. ಇನ್ನೊಂದು ಬೇಸಿಗೆ ಮಳೆ ಬರೋವರೆಗೂ ಇದನ್ನ ಕೊಡೋ ಹಾಗಿಲ್ಲ."

ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಥೀಸಿಸ್ ಬಿಡಿಸಿದಳು. ಆ ಎಂಟು ಇದ್ದ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದಳು.

"ನಾಳೆ ನನ್ನ ಜೊತೆ ಬನ್ನಿ. ಗೈಡ್ ಮುಂದೆ ನೀವೇ ಹೇಳ್ಬೇಕು."

"ಹೇಳ್ತೀನಿ."

"ಅಲ್ಲಿಂದ ನಮ್ಮನೆಗೂ ಬನ್ನಿ." ಅವಳು ತಲೆಯೆತ್ತಲಿಲ್ಲ. "ಥೀಸಿಸ್ ಕೊಟ್ಟ ತಕ್ಷಣ ಮದುವೆ ಅಂತ ಅಪ್ಪ ಒಂದು ಗಂಡಿನ ಕಡೆಯೋರಿಗೆ ಮಾತು ಕೊಟ್ಟಿದಾರೆ. ಥೀಸಿಸ್ ಯಾಕೆ ನಿಂತಿತು ಅಂತ ಅಪ್ಪನಿಗೂ ಹೇಳಿ. ಬಸ್ ಸ್ಟ್ಯಾಂಡಿನ ವಿಷಯಾನೂ ಸೇರಿಸಿ."

ಸೇತುರಾಮ ತಟ್ಟನೆ ಅವಳ ಕಡೆ ತಿರುಗಿದ. "ಕೇಳಿ ಅವರು ಏನನ್ಕೋತಾರೆ?"

"ನೀವು ಅಷ್ಟು ಹೇಳಿ ಸಾಕು," ಎಂದಳು ಚೂಡಾಮಣಿ. "ಮಿಕ್ಕಿದ್ದು ನಾನು ಹೇಳ್ತೀನಿ."