ಎಡಗಡೆ ಸೀಟಿನ ಸವೆತ

"ಮೇಡಂ, ನಿಜ ಹೇಳ್ಬಿಡಿ. ಈ ಕಾರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸ್ತಿದ್ರಾ?"

ಶರಣ್ಯ ಬೆಚ್ಚಿ ಬಂಪರಿನಿಂದ ಕಣ್ಣು ತೆಗೆದಳು!

ಅದು ದೊಡ್ಡನೆಕ್ಕುಂದಿಯಲ್ಲಿರುವ ಯಾರ್ಡು. ಲೀಸಿನ ಅವಧಿ ಮುಗಿದ ಕಾರುಗಳನ್ನು ಒಪ್ಪಿಸುವ ಜಾಗ. ಆಫೀಸಿನ ಮೂಲಕ ಪಡೆದಿದ್ದ ಕಾರನ್ನು ಇಂದು ಹಿಂದಿರುಗಿಸಬೇಕಿತ್ತು. ಬೆಳಗಿನಿಂದ ಅವಳು ಹೆದರಿ ಸಾಯುತ್ತಿದ್ದುದು ಬಂಪರಿನ ಮೇಲಿದ್ದ ಒಂದು ಗೀರಿಗೆ. ಅದನ್ನು ಮರೆಮಾಚಲು ಟೂತ್‌ಪೇಸ್ಟ್ ಬೇರೆ ತಿಕ್ಕಿದ್ದಳು, ಪಾಪ! ಆದರೆ ತಪಾಸಣೆ ಮಾಡುವ ಆಂಜಿನಪ್ಪ ಬಂಪರಿನತ್ತ ತಿರುಗಿಯೂ ನೋಡಲಿಲ್ಲ. ಟಾರ್ಚ್ ಹಿಡಿದು ಎಡಗಡೆ ಸೀಟಿನ ಮುಂದೆ ಬಗ್ಗಿದವನು ಬಹಳ ಹೊತ್ತು ಮೇಲೇಳಲೇ ಇಲ್ಲ.

"ಡ್ರೈವಿಂಗ್ ಸ್ಕೂಲಾ? ಅಯ್ಯೋ, ಇಲ್ಲ ಸಾರ್!"

"ಮತ್ತೆ ಇದೇನಿದು? ಡ್ರೈವರ್ ಕಡೆ ಕಾರ್ಪೆಟ್ ಹೊಸದಿದ್ದಂಗೈತೆ. ಈ ಕಡೆ ಮಾತ್ರ ತೂತು ಬಿದ್ದೈತೆ! ಕಲಿಸೋರು ಕೂತ್ಕೊಳೋ ಕಡೆ ಇನ್ನೊಂದು ಬ್ರೇಕ್ ಇಟ್ಟಿರ್ತಾರಲ್ಲ, ಅಂಥ ಗಾಡಿಗಳೇ ಇಂಗೆ ಸವೆಯೋದು. ಮೇಲಿನ ಹಿಡಿ ಕೂಡ ಅರ್ಧ ಕಿತ್ಕೊಂಡು ಬಂದೈತೆ. ಬ್ರೇಕ್ ಬಿಚ್ಚಿಟ್ಟು ಕಾರ್ ತಂದಿದ್ದೀರಿ, ಅಷ್ಟೇ."

"ದೇವರಾಣೆ ಇಲ್ಲ ಸಾರ್..."

"ಬರೀ ಸವೆತ ಆಗಿದ್ರೆ ಚಾರ್ಜ್ ಹಾಕಿ ಬಿಟ್ಬಿಡ್ತಿದ್ದೆ. ದುಡ್ಡಿಗೆ ಓಡ್ಸಿದ್ರೆ ಸುಮ್ನಿರೋಕಾಗಲ್ಲ. ನಿಮ್ಮ ಆಫೀಸ್‌ಗೆ ಮೇಲ್ ಹೋಗುತ್ತೆ."

ಆಫೀಸಿಗೆ ಮೇಲ್! ಸುಳ್ಳು ಪೆಟ್ರೋಲ್ ಬಿಲ್ ಕೊಟ್ಟನೆಂದು ಪಕ್ಕದ ಟೀಮಿನವನನ್ನು ಮೊನ್ನೆಯಷ್ಟೇ ಮನೆಗೆ ಕಳಿಸಿದ್ದರು. ಇನ್ನು ಕಂಪನಿಯ ಕಾರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದವಳನ್ನು ಬಿಡುತ್ತಾರೆಯೇ? ಅವಳ ಅಪ್ಪ ವಾದಿರಾಜರು ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಒಂದೇ ಒಂದು ಮೆಮೋ ಇಲ್ಲದೆ ನಿವೃತ್ತರಾದವರು. ಮೋಸ ಮಾಡಿದಳೆಂದು ಮಗಳನ್ನು ಕೆಲಸದಿಂದ ತೆಗೆದರು ಅಂತ ಗೊತ್ತಾದರೆ...

"ಈ ಸೀಟಲ್ಲಿ ಯಾರು ಕೂರ್ತಿದ್ರು ಮೇಡಂ?"

ಆ ಪ್ರಶ್ನೆ ಕೇಳಿ ಅವಳಿಗೆ ಮೊದಲಿನದಕ್ಕಿಂತ ಹೆಚ್ಚು ಭಯವಾಯಿತು. ಆ ಸೀಟಿನಲ್ಲಿ ಕೂರುತ್ತಿದ್ದವನು ಒಬ್ಬನೇ.

ಅಮರೇಶ್.

ಅವಳದೇ ಆಫೀಸು, ರಾಯಚೂರಿನ ಕಡೆಯವನು. ಚಿಕ್ಕಬಾಣಾವರದ ಬಾಡಿಗೆ ರೂಮಿನಿಂದ ಜಾಲಹಳ್ಳಿ ಕ್ರಾಸಿಗೆ ಬಂದು ನಿಂತಿರುತ್ತಿದ್ದ. ಅಲ್ಲಿಂದ ವೈಟ್‌ಫೀಲ್ಡ್‌ವರೆಗೆ ಅವಳ ಪಕ್ಕದಲ್ಲಿ. ಮಾತು ಕಮ್ಮಿ. ಆದರೆ ಅವನು ರಜೆ ಹಾಕಿದ ದಿನ ಆ ದಾರಿ ಮುಗಿಯುತ್ತಲೇ ಇರಲಿಲ್ಲ. ಅದಕ್ಕೇನು ಹೆಸರೆಂದು ಅವಳಿಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ.

ಎರಡು ತಿಂಗಳ ಹಿಂದೆ ಹೆಬ್ಬಾಳದ ಹತ್ತಿರ ಲಾರಿಯೊಂದು ಅಡ್ಡ ಬಂತು. ಅವಳು ಸರಿಯಾಗಿಯೇ ಬ್ರೇಕ್ ಹಾಕಿದ್ದಳು. ಆದರೂ ಅವನು "ನಿಲ್ಲಸ್ರೀ!" ಎಂದು ಕಿರುಚಿ, ನಡುರಸ್ತೆಯಲ್ಲೇ ಇಳಿದು ನಡೆದುಬಿಟ್ಟ. ಸಂಜೆ ಕ್ಯಾಂಟೀನಿನಲ್ಲಿ ಎಲ್ಲರೆದುರು ಅವಳು ಸಿಡಿದಿದ್ದಳು. "ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ದೆ ಇದ್ರೆ ಬರ್ಬೇಡಿ. ಪುಕ್ಕಟೆ ಸವಾರಿ ಮಾಡೋರಿಗೆ ಇಷ್ಟೊಂದು ಸೊಕ್ಕು ಬೇಡ!"

ಅವನು ತಲೆ ತಗ್ಗಿಸಿ ಎದ್ದು ಹೋದ. ಮತ್ತೆಂದೂ ಕ್ರಾಸಿನಲ್ಲಿ ನಿಲ್ಲಲಿಲ್ಲ.

ಈಗ ಅವನಿಗೇ ಫೋನ್ ಮಾಡಬೇಕು! 'ನಂಗೇನೂ ಗೊತ್ತಿಲ್ಲ' ಅಂದುಬಿಟ್ಟರೆ? ಅನ್ನಲಿಕ್ಕೆ ಅವನಿಗೆ ಪೂರ್ತಿ ಹಕ್ಕಿದೆಯಲ್ಲ...

ಕೊನೆಗೆ ನಂಬರ್ ಒತ್ತಿದಳು.

"ಹೇಳ್ರಿ."

"ಅಮರೇಶ್... ನಾನೊಂದು ಕಷ್ಟದಲ್ಲಿ ಸಿಕ್ಕಾಕ್ಕೊಂಡಿದ್ದೀನಿ."

"ಎಲ್ಲದೀರಿ?"

ಅಷ್ಟೇ ಕೇಳಿದ. ಬೇರೇನನ್ನೂ ಕೇಳಲಿಲ್ಲ.

ಅವನು ಯಾರ್ಡಿನೊಳಗೆ ಬಂದಾಗ ಅವಳ ಮುಖ ನೋಡಲಿಲ್ಲ. 'ಕೋಪ ಇನ್ನೂ ಹೋಗಿಲ್ಲ, ನನ್ನ ಕಥೆ ಮುಗೀತು' ಎಂದುಕೊಂಡಳು ಶರಣ್ಯ. ಆಂಜಿನಪ್ಪ ಟಾರ್ಚಿನ ಬೆಳಕು ಬಿಟ್ಟು ತೂತು ತೋರಿಸಿದ. ಅಮರೇಶನ ಮುಖ ಕೆಂಪಾಯಿತು.

"ಸರ್, ಅವರದೇನೂ ತಪ್ಪಿಲ್ಲ. ಇದು ನನ್ನ ಕಾಲಿಂದ ಆಗಿದ್ದು."

"ಬ್ರೇಕೇ ಇಲ್ದಿರೋ ಕಡೆ ನಿಮ್ಮ ಕಾಲಿಗೇನು ಕೆಲ್ಸ ಸಾರ್?"

"ಅವರು ಬ್ರೇಕ್ ಹಾಕಿದಾಗೆಲ್ಲ ನಾನೂ ಒತ್ತತಿದ್ದೆ... ಹೆದರಿಕಿಗೆ."

ಶರಣ್ಯ ಬಗ್ಗಿ ಆ ತೂತನ್ನೇ ನೋಡಿದಳು. ಆಂಜಿನಪ್ಪ ನಂಬಲಿಲ್ಲ. "ಕಥೆ ಚೆನ್ನಾಗೈತೆ. ಇಬ್ರೂ ಹತ್ತಿ, ಒಂದು ರೌಂಡ್ ಓಡ್ಸಿ ನೋಡಾನ," ಎಂದು ತಾನೂ ಹಿಂದಿನ ಸೀಟಿನಲ್ಲಿ ಕುಳಿತು, ಟಾರ್ಚನ್ನು ಅಮರೇಶನ ಕಾಲಿಗೆ ಹಿಡಿದ.

ಕಾರು ಹೊರಟಿತು. ಸಾಲಾಗಿ ನಿಂತ ಕಾರುಗಳ ನಡುವೆ ಮೊದಲ ತಿರುವು ಬರುತ್ತಲೇ ಅಮರೇಶನ ಕೈ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಹಣೆಯಲ್ಲಿ ಬೆವರು. ಅವಳು ಬ್ರೇಕ್ ಒತ್ತಿದಳು. ಅವನ ಬಲಗಾಲೂ ಒತ್ತಿತು. ಹಿಮ್ಮಡಿ ಆ ತೂತಿನಲ್ಲೇ ಸರಿಯಾಗಿ ಕೂತಿತ್ತು!

'ಇಷ್ಟು ದಿನ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ! ರಸ್ತೆ ನೋಡಿದೆ, ಕನ್ನಡಿ ನೋಡಿದೆ, ಪಕ್ಕದಲ್ಲಿ ನಡುಗುತ್ತಿದ್ದವನನ್ನು ನೋಡಲಿಲ್ಲ...'

"ಯಾಕೆ ಹೇಳ್ಲಿಲ್ಲ ಅಮರೇಶ್?"

"ಮುತ್ತು ಅಂತ ಗೆಳೆಯ ಇದ್ದ. ಸಿಂಧನೂರು ರಸ್ತೆದಾಗ ಅವನ ಪಕ್ಕ ಹಿಂಗ ಕುಂತಿದ್ದೆ. ನಾ ಉಳಿದೆ... ಅವ ಉಳೀಲಿಲ್ಲ. ಆಮ್ಯಾಲಿಂದ ಮುಂದಿನ ಸೀಟು ಅಂದ್ರ ಜೀವ ಬಾಯಿಗೆ ಬರ್ತದ. ಅವತ್ತು ಲಾರಿ ನೋಡಿ ಅವನ ಮುಖಾನ ಕಣ್ಣ ಮುಂದ ಬಂತು. ನಿಮ್ಮ ಡ್ರೈವಿಂಗಿಗೆ ಹೆದರಿ ಇಳೀಲಿಲ್ರಿ."

ಅವಳ ಕಣ್ಣು ಮಂಜಾಯಿತು. "ಇಷ್ಟು ಭಯ ಇಟ್ಕೊಂಡು ದಿನಾ ಯಾಕೆ ಬರ್ತಿದ್ರಿ? ಬಸ್ ಇತ್ತಲ್ಲ!"

"ಬಸ್ಸಿನ್ಯಾಗ ನೀವು ಇರಂಗಿಲ್ಲಲ್ರಿ..."

ಕಾರು ತಾನಾಗಿಯೇ ನಿಂತಿತೋ, ಅವಳು ನಿಲ್ಲಿಸಿದಳೋ! ಹಿಂದಿನ ಸೀಟಿನಿಂದ ದೊಡ್ಡದೊಂದು ಕೆಮ್ಮು ಕೇಳಿಸಿತು.

"ಸಾಕು, ನಂಗೆಲ್ಲಾ ಅರ್ಥ ಆಯ್ತು," ಎಂದ ಆಂಜಿನಪ್ಪ ಇಳಿಯುತ್ತಾ. "ಮೇಲ್ ಗೀಲ್ ಏನೂ ಹಾಕಲ್ಲ. ಕಾರ್ಪೆಟ್‌ಗೂ ಹಿಡಿಗೂ ಚಾರ್ಜ್ ಬೀಳುತ್ತೆ. ಆಮೇಲೆ ಮೇಡಂ, ಬಂಪರ್ ಮೇಲಿನ ಪೇಸ್ಟ್ ಒರೆಸ್ಬಿಡಿ. ಇರುವೆ ಮುತ್ಕೊಳ್ತವೆ."

ಶರಣ್ಯ ಅಳುತ್ತಲೇ ನಕ್ಕಳು.

"ಚಾರ್ಜ್ ನಾ ಕೊಡ್ತೀನ್ರಿ. ತೂತು ಮಾಡಿದಾವ ನಾನು," ಎಂದ ಅಮರೇಶ್.

"ಬೇಡ. ನಾನೇ ಕೊಡ್ತೀನಿ. ಇಷ್ಟು ಖುಷಿಯಿಂದ ನಾನು ಇನ್ಯಾವ ಚಾರ್ಜೂ ಕಟ್ಟಿಲ್ಲ... ಅವತ್ತು ಪುಕ್ಕಟೆ ಸವಾರಿ ಅಂದುಬಿಟ್ನಲ್ಲ. ಕ್ಷಮಿಸ್ತೀಯಾ ಅಮರೇಶ್?"

'ನೀವು' ಹೋಗಿ 'ನೀನು' ಬಂದದ್ದನ್ನು ಅವನು ಗಮನಿಸಿದ. ಹೌದೆಂದು ತಲೆಯಾಡಿಸಿದ.

ಕಾರಿನ ಕೀ ಒಪ್ಪಿಸಿ ಹೊರಬಂದವರಿಗೆ ಆಟೋ ಸಿಕ್ಕಿತು. ರಿಂಗ್ ರೋಡಿಗೆ ಬರುತ್ತಲೇ ಬಸ್ಸೊಂದು ಮೈಮೇಲೆ ಬಂದಂತೆ ಪಕ್ಕದಲ್ಲೇ ನುಗ್ಗಿತು. ಅಮರೇಶನ ಕಾಲು ತಂತಾನೇ ನೆಲ ಒತ್ತಿತು. ಕೈ ಹಿಡಿಗಾಗಿ ತಡಕಾಡಿತು.

ಶರಣ್ಯ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಭಾಳ ಗಟ್ಟಿ ಹಿಡೀತೀನ್ರಿ ನಾನು... ಆ ಹಿಡಿ ಏನಾತು ನೋಡಿದ್ರಲ್ಲ?"

"ಹಿಡ್ಕೋ. ಈ ಕೈ ಯಾರಿಗೂ ವಾಪಸ್ ಕೊಡ್ಬೇಕಾಗಿಲ್ಲ."