ಮೊದಲ ಜೋಡಿ ವರ್ಣತಂತು

"ರೀ ಮೇಡಂ, ತಡೀರಿ ತಡೀರಿ!"

ಹನೂರಿನಾಚೆಯ ಗುಡ್ಡದ ಇಳಿಜಾರಿನಲ್ಲಿ ಮಂಡಿಯೂರಿ ಗೆಡ್ಡೆ ಅಗೆಯುತ್ತಿದ್ದ ನಾಗಶ್ರೀ ತಲೆಯೆತ್ತಿದಳು. ಹೊಲದ ಬದುವಿನಿಂದ ನೀಳಕಾಲಿನ ಯುವಕನೊಬ್ಬ ದಾಪುಗಾಲು ಹಾಕಿ ಇಳಿದು ಬರುತ್ತಿದ್ದ. ಹೊಲದವನು ಜಗಳಕ್ಕೇ ಬಂದನೆಂದುಕೊಂಡು ಅವಳು ಪರ್ಮಿಷನ್ ಲೆಟರನ್ನು ಅವನ ಮುಖದ ಮುಂದೆ ಹಿಡಿದಳು.

"ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಕಾಡೀರುಳ್ಳಿ ಮೇಲೆ. ಕೀಳೋಕೆ ಪರ್ಮಿಷನ್ ಇದೆ."

"ಕೀಳಿ, ಯಾರು ಬೇಡ ಅಂದ್ರು? ಆದ್ರೆ ಎರಡನ್ನೂ ಒಂದೇ ಚೀಲಕ್ಕೆ ಹಾಕ್ತಿದೀರಲ್ಲ. ಅವು ಬೇರೆ ಬೇರೆ ಗಿಡ."

ನಾಗಶ್ರೀಗೆ ನಗು ಬಂತು. "ಎರಡೂ ಒಂದೇ ಪ್ರಭೇದ. ಪುಸ್ತಕದಲ್ಲೇ ಇದೆ."

"ಪುಸ್ತಕ ಬರೆದೋರು ಇಲ್ಲಿ ಸಾಯಂಕಾಲದವರೆಗೂ ಕೂತಿಲ್ಲ ಅನ್ಸುತ್ತೆ. ಇದು ಬೆಳಿಗ್ಗೆ ಅರಳುತ್ತೆ, ಅದು ನಾಲ್ಕು ಗಂಟೆ ಮೇಲೆ." ಅವನು ಪಕ್ಕದಲ್ಲೇ ಕೂತು, ಮೊಬೈಲಿನಲ್ಲಿ ಮೂರು ವರ್ಷದ ಫೋಟೋಗಳನ್ನು ತೋರಿಸಿದ. ಹನೂರಿನ ಪಿಯು ಕಾಲೇಜಿನಲ್ಲಿ ಬಾಟನಿ ಪಾಠ ಮಾಡುವ ಮೇಷ್ಟ್ರು, ಹೆಸರು ಮಾದೇಶ್ ಎಂದು ಆಮೇಲೆ ತಿಳಿಯಿತು.

ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ಅವನಜ್ಜಿ ಕೆಂಪಾಜಮ್ಮ ಬಾಯಿ ಹಾಕಿದರು. "ಒಂದು ಮುಟ್ಟುದ್ರೆ ಕೈಯೆಲ್ಲ ಕಡೀತದೆ ಕಣವ್ವ. ಇನ್ನೊಂದು ಏನೂ ಮಾಡದಿಲ್ಲ. ನನ್ ಮಾತ ಕೇಳ್ಕಂಡು ಇವ್ನು ಸುರು ಅಚ್ಕಂಡ."

"ಕಡಿತ, ಅರಳೋ ಟೈಮು, ಇವೆಲ್ಲ ಸಾಲದು ಸರ್," ಎಂದಳು ನಾಗಶ್ರೀ. "ಕ್ರೋಮೋಸೋಮ್ ಏನು ಹೇಳುತ್ತೆ ಅನ್ನೋದೇ ಮುಖ್ಯ."

"ಹಾಗಾದ್ರೆ ಅದನ್ನೇ ಕೇಳಿ," ಎಂದ ಮಾದೇಶ್. ಅವನ ಕಣ್ಣಿನಲ್ಲಿ ಸವಾಲಿತ್ತು, ತುಟಿಯ ತುದಿಯಲ್ಲಿ ಮಾತ್ರ ನಗು. ಚೀಲ ಎರಡಾಯಿತು.

ಮೈಸೂರಿನ ಲ್ಯಾಬಿನಲ್ಲಿ ಅವಳು ಗೆಡ್ಡೆಗಳನ್ನು ಮರಳಿನಲ್ಲಿ ನೆಟ್ಟಳು. ಕೋಶಗಳು ಚುರುಕಾಗಿ ವಿಭಜನೆಯಾಗುವ ಬೆಳಗಿನ ಹೊತ್ತು ನೋಡಿ ಬೇರಿನ ತುದಿ ಕತ್ತರಿಸಿದಳು. ಬಣ್ಣ ಕಟ್ಟಿ, ಗಾಜಿನ ಚೂರು ಮುಚ್ಚಿ, ಹೆಬ್ಬೆರಳಲ್ಲಿ ಒತ್ತಿದಳು. ಗಾಜು ಒಡೆಯದೆ ವರ್ಣತಂತುಗಳು ಬಿಡಿಬಿಡಿಯಾಗಿ ಹರಡುವಂತೆ ಒತ್ತುವ ಆ ಕೈ ಲ್ಯಾಬಿಗೆಲ್ಲ ಹೆಸರಾಗಿತ್ತು. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯ ಕೈ ಅದು.

ಎರಡರಲ್ಲೂ ಎಣಿಸಿದ್ದು ಇಪ್ಪತ್ತೇ.

"ಇಪ್ಪತ್ತು ಮತ್ತು ಇಪ್ಪತ್ತು. ಸೋತ್ರಿ ಮೇಷ್ಟ್ರೇ," ಎಂದಳು ಫೋನಿನಲ್ಲಿ.

ಮಾದೇಶ್ ಬಿಡಲಿಲ್ಲ. "ಎಣಿಸಿದ್ರಿ ಸರಿ. ಜೋಡಿಸಿ ನೋಡಿದ್ರಾ? ನಾನು ಎರಡು ವರ್ಷ ಒಂದರ ಪರಾಗ ಇನ್ನೊಂದಕ್ಕೆ ಹಚ್ಚಿದೀನಿ. ಒಂದು ಬೀಜಾನೂ ಕಟ್ಟಲಿಲ್ಲ."

ಅವಳಿಗೆ ಸಿಟ್ಟು ಬಂತು. ಜೋಡಿಸಿ ನೋಡಿರಲಿಲ್ಲವಲ್ಲ ಎಂಬ ಸಿಟ್ಟು. ಫೋಟೋ ತೆಗೆದು, ಒಂದೊಂದನ್ನೂ ಕತ್ತರಿಸಿ, ಉದ್ದದ ಪ್ರಕಾರ ಜೋಡಿ ಜೋಡಿಯಾಗಿ ಸಾಲಿಗಿಟ್ಟಳು. ಮೊದಲನೆಯ ಜೋಡಿಯಲ್ಲೇ ಕೈ ನಿಂತಿತು. ಬೆಳಗಿನ ಗಿಡದಲ್ಲಿ ಆ ಉದ್ದನೆಯ ವರ್ಣತಂತುವಿನ ಸೊಂಟ, ಎರಡು ತೋಳು ಕೂಡುವ ಕಿರಿದಾದ ಜಾಗ, ನಡುವಿಗಿತ್ತು, ಸಂಜೆಯ ಗಿಡದಲ್ಲಿ ತುದಿಗೆ ಸರಿದಿತ್ತು. ಯಾವುದೋ ಕಾಲದಲ್ಲಿ ಒಂದು ತುಂಡು ಕಳಚಿ, ತಲೆಕೆಳಗಾಗಿ ಮತ್ತೆ ಕೂಡಿಕೊಂಡಿತ್ತು. ಒಂದೇ ಗುಡ್ಡದಲ್ಲಿ, ಒಂದೇ ಮಳೆ ಕುಡಿದು, ಎರಡು ವಂಶಗಳು ತಮ್ಮ ತಮ್ಮ ದಾರಿ ಹಿಡಿದಿದ್ದವು.

ಆ ಗಿಡಗಳು ಒಂದೇ ಎಂದು ಅವಳ ಥೀಸಿಸ್ಸಿನ ಮೂರನೇ ಅಧ್ಯಾಯ ಹೇಳುತ್ತಿತ್ತು. ಸಬ್ಮಿಟ್ ಮಾಡಲು ಎರಡು ತಿಂಗಳಿತ್ತು.

"ಈಗ ಇದ್ದ ಹಾಗೇ ಕೊಟ್ಬಿಡಮ್ಮ," ಎಂದರು ಗೈಡ್. "ಇದನ್ನ ಸಾಧಿಸ್ಬೇಕು ಅಂದ್ರೆ ಬೇರೆ ಬೇರೆ ಜಾಗದ ಗಿಡ ನೋಡ್ಬೇಕು. ಇನ್ನೂ ಒಂದು ವರ್ಷ."

ಅವಳು ಕೊಳ್ಳೇಗಾಲಕ್ಕೆ ಹೋದಳು. ಈ ದೀಪಾವಳಿಗೆ ಮಗಳು ಡಾಕ್ಟರಾಗುತ್ತಾಳೆಂದು ಅಪ್ಪ ಚಿನ್ನಸ್ವಾಮಿ ಬೀದಿಗೆಲ್ಲ ಸಾರಿಯಾಗಿತ್ತು. ವಿಷಯ ಕೇಳಿ ಅವರು ಲಾಳಿ ನಿಲ್ಲಿಸಿದರು.

"ತಪ್ಪು ಅಂತ ಗೊತ್ತಾಯ್ತಾ ನಿಂಗೆ?"

"ಗೊತ್ತಾಗಿದೆ ಅಪ್ಪ."

"ಅಂಚಲ್ಲಿ ಎಳೆ ತಪ್ಪಿದ್ರೆ ನಾನು ಬಿಚ್ಚಿ ನೇಯ್ತೀನಿ. ನನ್ ಮಗ್ಳು ತಪ್ಪಿರದ್ನ ಮಡಚಿ ಕೊಟ್ಬುಟ್ಳು ಅನ್ನಿಸ್ಕಬೇಕಾ? ಒಂದೊರ್ಸ ತಾನೆ, ಓಗಿ ಮಾಡು."

ಗೆದ್ದಿರೆಂದು ಮಾದೇಶನಿಗೆ ಫೋನ್ ಮಾಡಿ, ಗಿಡ ಹುಡುಕಲು ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಹೀಗೆ ಆ ವರ್ಷ ಶುರುವಾಯಿತು. ಭಾನುವಾರ ಬಂತೆಂದರೆ ಹನೂರು, ಮುಳ್ಳೂರು, ಯಳಂದೂರಿನ ಕಡೆಯ ಕಲ್ಲುಗುಡ್ಡಗಳು. ಒಂದೊಂದು ಕಡೆ ಐದೈದು ಗೆಡ್ಡೆ. ಅವನು ಅಗೆಯುವನು, ಅವಳು ಚೀಟಿ ಬರೆಯುವಳು. ಅವಳ ದುಪಟ್ಟಾ ಮುಳ್ಳಿಗೆ ಸಿಕ್ಕಿಕೊಂಡರೆ ಅವನು ಒಂದು ಎಳೆಯೂ ಹರಿಯದಂತೆ ಬಿಡಿಸುತ್ತಿದ್ದ. ಅಷ್ಟು ಹೊತ್ತು ಬೇಕಿತ್ತೇ ಎಂದು ಇಬ್ಬರೂ ಕೇಳಿಕೊಳ್ಳುತ್ತಿರಲಿಲ್ಲ.

"ಮೇಷ್ಟ್ರೇ, ಚೀಟಿ ಓದೋಕೆ ಇಷ್ಟು ಹತ್ತಿರ ಬರಬೇಕಾ?"

"ನಿಮ್ಮ ಅಕ್ಷರ ಹಾಗಿದೆ. ನನ್ನ ತಪ್ಪೇನು?"

ಅವಳು ಮುಖ ತಿರುಗಿಸಿಕೊಂಡಳು. ಕೆನ್ನೆಯ ಕೆಂಪು ಬಿಸಿಲಿನದೆಂದು ಅವನು ನಂಬಿದಂತೆ ನಟಿಸಿದ.

ಹದಿನಾಲ್ಕು ಜಾಗದ ಗಿಡಗಳೂ ಒಂದೇ ಮಾತು ಹೇಳಿದವು: ಇವು ಎರಡು ಬೇರೆ ಬೇರೆ ಪ್ರಭೇದ. ಆದರೆ ಸಂಶೋಧನಾ ಪೇಪರಿನಲ್ಲಿ ಮಾದೇಶನ ಹೆಸರು ಸೇರಿಸಲು ಹೋದಾಗ ಅವನು ಒಪ್ಪಲಿಲ್ಲ. "ನಾನು ಮೈಕ್ರೋಸ್ಕೋಪೇ ಮುಟ್ಟಿಲ್ಲ. ದಾನದ ಹೆಸರು ನನಗೆ ಬೇಡ." ಅವನ ಈ ಬಿಂಕ ಅವಳ ಬಿಂಕಕ್ಕೆ ಸರಿಸಮವಾಗಿತ್ತು. ಅವಳು ವಾದಿಸಲಿಲ್ಲ. ವೈವಾಗೆ ಮಾತ್ರ ಬರಲೇಬೇಕೆಂದಳು.

ಆ ದಿನ ಹಾಲ್ ತುಂಬಿತ್ತು. ಚಿನ್ನಸ್ವಾಮಿ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಪಂಚೆಯಲ್ಲಿ ಕೂತಿದ್ದರು. ಪರೀಕ್ಷಕರು ಚಿತ್ರಗಳನ್ನು ತಿರುಗಿಸಿ ನೋಡಿ, "ಬಹಳ ಚೆನ್ನಾಗಿದೆ. ಇವು ಬೇರೆ ಅಂತ ನಿಮಗೆ ಹೊಳೆದದ್ದು ಹೇಗೆ?" ಎಂದರು.

"ನನಗೆ ಹೊಳೀಲಿಲ್ಲ ಸರ್. ನಾನು ನಕ್ಕಿದ್ದೆ." ಅವಳು ಕೈ ಚಾಚಿ ಹಿಂದಿನ ಸಾಲು ತೋರಿಸಿದಳು. "ಮೊದಲು ಕಂಡವರು ಹನೂರಿನ ಕೆಂಪಾಜಮ್ಮ. ಮೂರು ವರ್ಷ ಕೂತು ನೋಡಿ ಬರೆದಿಟ್ಟವರು ಅವರ ಮೊಮ್ಮಗ ಮಾದೇಶ್. ಅಲ್ಲಿದ್ದಾರೆ. ಪೇಪರಿನಲ್ಲಿ ಈ ಹೆಸರುಗಳಿಲ್ಲದಿದ್ದರೆ ನನ್ನ ಹೆಸರೂ ಬೇಡ."

ಎಲ್ಲರ ಕತ್ತೂ ಹಿಂದಕ್ಕೆ ಹೊರಳಿತು. ಮಾದೇಶ್ ಎದ್ದು ನಿಂತ. ಕಣ್ಣು ತುಂಬಿದ್ದನ್ನು ಯಾರಿಂದಲೂ ಮರೆಮಾಡಲಿಲ್ಲ.

ಚಪ್ಪಾಳೆ ಮುಗಿದು ಹೊರಗೆ ಬಂದಾಗ ಅವನು ಕಂಬಕ್ಕೊರಗಿ ಕಾಯುತ್ತಿದ್ದ. "ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ?"

"ನಿಜ ಅಲ್ವಾ ಅದು? ಇನ್ನೊಂದು ನಿಜಾನೂ ಇದೆ." ಅವಳು ತಲೆ ತಗ್ಗಿಸಲಿಲ್ಲ. "ಡಿಸೆಂಬರಿಗೇ ನನಗೆ ಬೇಕಾದಷ್ಟು ಗೆಡ್ಡೆ ಸಿಕ್ಕಿತ್ತು. ಜನವರಿ, ಫೆಬ್ರವರಿ, ಮಾರ್ಚ್, ಸುಮ್ನೆ ಬಂದೆ."

"ಗೊತ್ತಿತ್ತು. ನಾನೂ ಲೆಕ್ಕ ಇಟ್ಟಿದ್ದೆ," ಎಂದ ಮಾದೇಶ್ ಮೆಲ್ಲಗೆ. "ಹೇಳಿದ್ರೆ ಬರೋದು ನಿಲ್ಲಿಸ್ತೀರ ಅಂತ ಸುಮ್ನಿದ್ದೆ."

ಅಷ್ಟರಲ್ಲಿ ಚಿನ್ನಸ್ವಾಮಿ ಬಂದರು. ನಾಗಶ್ರೀ ಮಾದೇಶನ ಪಕ್ಕಕ್ಕೆ ಸರಿದು ನಿಂತಳು. "ಅಪ್ಪ, ನಾನು ಮದುವೆ ಅಂತ ಆದ್ರೆ ಇವರನ್ನೇ."

ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗಳ ಮುಖವನ್ನೂ ನೋಡಿದರು. ಹೆಗಲ ಮೇಲಿನ ಟವೆಲ್ ಕೊಡವಿ ಮತ್ತೆ ಹಾಕಿಕೊಂಡರು.

"ಉಂಡಿದ್ದೀಯೇನಪ್ಪ?"

"ಇಲ್ಲ ಸಾ."

"ಹಂಗಾರೆ ನಡಿ, ಕೊಳ್ಳೇಗಾಲಕ್ಕೇ ಓಗಿ ಒಟ್ಗೆ ಉಣ್ಣವ. ನಿಮ್ಮಜ್ಜೀಗೂ ಒಂದು ಫೋನ್ ಮಾಡು, ಅವ್ರೂ ಬರ್ಲಿ."