ಚಪ್ಪಡಿಯೊಳಗಿನ ನಾಗಪ್ಪ

"ರೀ ಮೇಡಂ, ಕಾಲು ತೆಗೀರಿ! ಮೊದ್ಲು ಕಾಲು ತೆಗೀರಿ!"

ಶ್ವೇತಾ ಬೆಚ್ಚಿಬಿದ್ದು ಹಿಂದೆ ಸರಿದಳು. ಧಾರವಾಡದಲ್ಲಿ ಭೂವಿಜ್ಞಾನ ಓದಿದ ಅವಳಿಗೆ ಕನಕಪುರ ರಸ್ತೆಯ ಕಲ್ಲಿನಂಗಡಿಯಲ್ಲಿ ಕೆಲಸ. ಜೆ.ಪಿ. ನಗರದ ಈ ಹೊಸ ಮನೆಗೆ ಅವಳೇ ಆರಿಸಿ ಕಳಿಸಿದ್ದ ಚಪ್ಪಡಿಗಳ ಪಾಲಿಶ್ ನೋಡಲು ಬಂದಿದ್ದಳು. ಮನೆಯೊಡೆಯ ರೇವಂತ್ ಹೀಗೆ ಮೈಮೇಲೆ ಬೀಳುತ್ತಾನೆಂದು ಯಾರಿಗೆ ಗೊತ್ತಿತ್ತು!

"ಏನ್ರಿ ಸರ, ಹಿಂಗ್ಯಾಕ ಒದರ್ತೀರಿ?"

"ಕೆಳಗೆ ನೋಡಿ... ನಾಗಪ್ಪ!"

ಕೆನೆಬಣ್ಣದ ಕಲ್ಲಿನಲ್ಲಿ ಒಂದು ಬಿಳಿ ಸುರುಳಿ. ಅದರ ತುದಿ ಹೆಡೆಯಂತೆ ಅಗಲವಾಗಿತ್ತು. ಮೇಲೆ ಅರಿಸಿನ, ಕುಂಕುಮ, ಒಣಗಿದ ಹಾಲು. ಶ್ವೇತಾಳಿಗೆ ನಗು ತಡೆಯಲಾಗಲಿಲ್ಲ.

"ಇದು ಹಾವಲ್ರಿ! ಸಮುದ್ರದಾಗಿನ ಶಂಖದಂಥ ಹುಳದ ಚಿಪ್ಪು. ಕಲ್ಲಿನೊಳಗ ಸೇರಿ ಕಲ್ಲೇ ಆಗೇತಿ. ಗರಗಸ ಅಡ್ಡ ಕೊಯ್ದದ್ದಕ್ಕ ಸುರುಳಿ ಕಾಣ್ತದ."

ಅವಳು ಬಾಟಲಿಯ ನೀರನ್ನು ಪಕ್ಕದ ಚಪ್ಪಡಿಗೆ ಚಿಮುಕಿಸಿದಳು. ಹೆಣೆದ ಜಡೆಯಂಥ ಗೆರೆಯೊಂದು ಎದ್ದು ಕಂಡಿತು.

"ಇದೂ ಅದೇ ಜಾತಿ. ಉದ್ದಕ್ಕ ಸೀಳ್ಯಾರ, ಅದಕ್ಕ ಬ್ಯಾರೆ ಕಾಣ್ತದ. ಸೌತಿಕಾಯಿ ಅಡ್ಡ ಹೆಚ್ಚಿದ್ರ ದುಂಡಗ, ಸೀಳಿದ್ರ ಉದ್ದಕ... ಕಾಯಿ ಒಂದೇ ಅಲ್ಲೇನ್ರಿ?"

"ಮತ್ತೆ ಹೆಡೆ?"

"ಅದು ಚಿಪ್ಪಿನ ಬಾಯಿ!"

ರೇವಂತನ ಮುಖ ಸಪ್ಪಗಾಯಿತು. ಒಳಗೊಮ್ಮೆ ನೋಡಿ ದನಿ ತಗ್ಗಿಸಿದ.

"ಮೆಲ್ಲಗೆ ಮೇಡಂ... ಅಮ್ಮನಿಗೆ ಇದನ್ನ ಹೇಳ್ಬೇಡಿ. ಪ್ಲೀಸ್."

ಅವನದು ಇಲ್ಲಿನ ಹಳೇ ಒಕ್ಕಲು ಮನೆತನ. ಹೊಲ ಲೇಔಟ್ ಆದಾಗ ತಂದೆ ತಿಮ್ಮರಾಯಪ್ಪ ಅಲ್ಲಿದ್ದ ಹುತ್ತವನ್ನು ಅಗೆಸಿದ್ದರು. ಹೋದ ವರ್ಷ ಅವರು ತೀರಿಕೊಂಡಾಗಿನಿಂದ, ಇದು ನಾಗಪ್ಪನ ಶಾಪವೇ ಎಂದು ತಾಯಿ ಗೌರಮ್ಮ ಕೊರಗಿ ಕಡ್ಡಿಯಾಗಿದ್ದರು. ಚಪ್ಪಡಿಯಲ್ಲಿ ಸುರುಳಿ ಕಂಡ ದಿನ ಮಾತ್ರ, "ಮುನಿಸು ಬಿಟ್ಟು ಮನೆಗೆ ಬಂದ್ಯಾ ನನ್ನಪ್ಪಾ" ಎಂದು ಅತ್ತು, ಹೊಟ್ಟೆ ತುಂಬ ಉಂಡಿದ್ದರು.

"ಹೇಳೂದಿಲ್ಲ ಬಿಡ್ರಿ," ಎಂದಳು ಶ್ವೇತಾ. ಅವನಿಂದ ಇದೆಲ್ಲ ಕೇಳಿ ಅವಳಿಗೂ ಮರುಕ ಬಂದಿತ್ತು.

ಆಮೇಲೆ? ಪಾಲಿಶ್ ಸರಿಯಿಲ್ಲವೆಂದು ರೇವಂತ್ ಫೋನ್ ಮಾಡಿದ. ಪಾಲಿಶ್ ಸರಿಯಾಯಿತೆಂದೂ ಫೋನ್ ಮಾಡಿದ. ಪ್ರೀತಿಗೆ ನೆಪಕ್ಕೇನು ಬರ! ಬಿಟಿಎಂ ಲೇಔಟಿನಲ್ಲಿದ್ದ ಅವಳ ಬಾಡಿಗೆ ಕೋಣೆಯ ಬೀದಿ ಅವನ ಬೈಕಿಗೆ ಬಾಯಿಪಾಠವಾಯಿತು.

ಗೌರಮ್ಮನೂ ಮದುವೆಗೆ ಒಪ್ಪಿದರು. "ಯಾವೂರೋ ಏನೋ" ಎಂದು ಮೂಗು ಮುರಿದ ನೆಂಟರಿಗೆಲ್ಲ, "ನಾಗಪ್ಪನ್ನ ನಮ್ಮನೆಗೆ ಕಳಿಸಿದ ಹುಡುಗಿ ಕಣ್ರೇ, ಇವಳಿಗಿಂತ ಒಳ್ಳೇಳು ಬೇಕಾ?" ಎಂದು ಬಾಯಿ ಮುಚ್ಚಿಸಿದರು. ಅದನ್ನು ಕೇಳಿದಾಗಲೆಲ್ಲ ಶ್ವೇತಾ ಬೇರೆ ಮಾತು ತೆಗೆಯುತ್ತಿದ್ದಳು.

ಮಾತುಕತೆಯ ದಿನ ಗದಗಿನಿಂದ ಶ್ವೇತಾಳ ತಾಯಿ ರೇಣವ್ವ ಬಂದರು. ಎಲ್ಲರೆದುರು ಗೌರಮ್ಮ ಶ್ವೇತಾಳನ್ನು ಆ ಚಪ್ಪಡಿಯ ಮುಂದೆ ಕೂರಿಸಿದರು.

"ಮಗಳೇ, ಇದು ಬರೀ ಡಿಸೈನು ಅಂತಾಳೆ ನನ್ನ ತಂಗಿ. ನೀನು ಕಲ್ಲಿನ ವಿದ್ಯೆ ಓದಿದೋಳು. ಮುಟ್ಟಿ ಹೇಳು... ನಾಗಪ್ಪ ನಮ್ಮನ್ನ ಕ್ಷಮಿಸಿ ಬಂದಿದ್ದಾನೆ ತಾನೇ?"

ಶ್ವೇತಾ ಕಲ್ಲಿನ ಮೇಲೆ ಕೈಯಿಟ್ಟಳು. ಎದುರಿಗೆ ರೇವಂತನ ಕಣ್ಣು ಅಂಗಲಾಚುತ್ತಿತ್ತು. 'ಹೂಂ ಅನ್ನು ಶ್ವೇತಾ... ಒಂದೇ ಒಂದು ಹೂಂ!'

'ಹೂಂ ಅಂದ್ರ ಮದುವಿ. ಇಲ್ಲಂದ್ರ ಇವ್ರು ನನಗ ಸಿಗೂದಿಲ್ಲ... ಆದ್ರ ಇಷ್ಟು ನಂಬಿ ಕೇಳಾಕತ್ತಾರ. ದಿನಾ ಈ ತಾಯಿ ಮುಖ ಹ್ಯಾಂಗ ನೋಡ್ಲಿ?'

ಅವಳು ಕಲ್ಲಿನ ಮೇಲಿಂದ ಕೈ ತೆಗೆದು ಗೌರಮ್ಮನತ್ತ ತಿರುಗಿದಳು.

"ಅಮ್ಮಾರ... ಇದು ನಾಗಪ್ಪ ಅಲ್ರಿ. ಹುಳದ ಚಿಪ್ಪು. ಮೊದಲನೇ ದಿನಾನೇ ನನಗ ಗೊತ್ತಿತ್ತು. ಹೇಳ್ಲಿಲ್ಲ. ತಪ್ಪು ನಂದೇ."



"ಹಾಗಾದ್ರೆ ಅವನು ಬಂದೇ ಇಲ್ವಾ..." ಗೌರಮ್ಮ ಗೋಡೆ ಹಿಡಿದು ಎದ್ದರು. ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು.

"ನನಗೋಸ್ಕರ ಒಂದು ಹೂಂ ಅನ್ನೋಕೆ ಆಗ್ಲಿಲ್ವಾ ನಿನಗೆ?" ರೇವಂತ್ ಸಿಡಿದ.

"ನಿಮಗೋಸ್ಕರಾನೇ ಇಷ್ಟು ದಿನ ಸುಮ್ನಿದ್ದೆ..."

"ಹೋಗು! ಹೋಗಿ ಕಲ್ಲೇ ನೋಡ್ಕೊಂಡಿರು!"

ಅವಳು ತಾಯಿಯ ಕೈ ಹಿಡಿದು ಹೊರಟಳು.

ಮರುದಿನ ಬೆಳಿಗ್ಗೆ ಬಿಟಿಎಂನ ಕೋಣೆಯಲ್ಲಿ ರೇಣವ್ವ ಬಟ್ಟೆ ಮಡಚುತ್ತಿದ್ದರು. "ನಡಿ ಯವ್ವಾ, ಊರಿಗೆ ಹೋಗೂಣು. ಅತ್ತು ಅತ್ತು ಏನಾಗೀದಿ ನೋಡು!"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆರೆದರೆ... ಗೌರಮ್ಮ! ಹಿಂದೆ ಕಣ್ಣು ಕೆಂಪಾದ ರೇವಂತ್.

"ಮುಚ್ಚಿಡು ಅಂದೋನು ನನ್ನ ಮಗ ಅಂತ ಯಾಕೇ ಹೇಳ್ಲಿಲ್ಲ ನೀನು?"

ಶ್ವೇತಾ ರೇವಂತನತ್ತ ನೋಡಿದಳು.

"ಎಲ್ಲಾ ಬಾಯಿಬಿಟ್ಟ ಇವನು. ಹೊಟ್ಟೇಲಿ ಹುಟ್ಟಿದೋನು ಸುಳ್ಳು ಹೇಳ್ದ, ಹೊರಗಿಂದ ಬಂದೋಳು ನೀನು ನಿಜ ಹೇಳ್ದೆ." ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿನ್ಮೇಲೆ ಸಿಟ್ಟು ಬಂದಿತ್ತು, ಬರಲಿಲ್ಲ ಅನ್ನಲ್ಲ. ಆಮೇಲೆ ಅನ್ನಿಸ್ತು, ಹುತ್ತ ಅಗೆಸಿದ ತಪ್ಪಿಗೆ ಯಾವತ್ತೋ ನಾಗರ ಪ್ರತಿಷ್ಠೆ ಮಾಡಿಸ್ಬೇಕಿತ್ತು. ನಾನು ನೆಲಕ್ಕೆ ಹಾಲು ಹುಯ್ಕೊಂಡು ಸುಮ್ನೆ ಕೂತಿದ್ದೆ."

"ಈಗ ಮಾಡ್ಸಿದ್ರಾತು ಬಿಡ್ರಿ ಅಕ್ಕಾರ," ಎಂದರು ರೇಣವ್ವ.

"ನಮ್ಮಲ್ಲಿ ಅದಕ್ಕೆ ಗಂಡ ಹೆಂಡ್ತಿ ಜೋಡಿಯಾಗಿ ಕೂರಬೇಕು ಕಣಮ್ಮಾ. ನನ್ನ ಜೋಡಿ ಹೋಯ್ತಲ್ಲ..." ಗೌರಮ್ಮ ಶ್ವೇತಾಳ ಕೈ ಹಿಡಿದುಕೊಂಡರು. "ನನ್ನ ಮಗನ ಪಕ್ಕ ನೀನು ಕೂರ್ತೀಯಾ ಮಗಳೇ?"

ಅಳು ಮತ್ತೆ ಉಕ್ಕಿತು. ಶ್ವೇತಾ ಅವರನ್ನು ಅಪ್ಪಿಕೊಂಡಳು. ಅವರ ಹೆಗಲ ಮೇಲಿಂದಲೇ ರೇವಂತನನ್ನು ದುರುಗುಟ್ಟಿ ನೋಡಿದಳು.

"ಇವ್ರು ಹೋಗು ಅಂದಾರಲ್ರಿ ನನಗ?"

"ಅಂದೆ... ನೀನು ನಿಜವಾಗ್ಲೂ ಹೋಗಿಬಿಟ್ಟೆ. ಸಾರಿ ಕಣೇ. ನಿನ್ನ ಬಿಟ್ಟು ನನ್ನ ಕೈಲಿ ಆಗಲ್ಲ."

"ಇನ್ನೊಮ್ಮೆ ಸುಳ್ಳು ಹೇಳು ಅಂತೀರೇನು?"

"ಯಾವತ್ತೂ ಇಲ್ಲ."

"ಹಂಗಾರ ಖರೇ ಹೇಳ್ತೀನಿ ಕೇಳ್ರಿ. ರಾತ್ರಿ ಎಲ್ಲಾ ನಿಮ್ಮ ಫೋನ್ ಬರ್ತದಂತ ಕಾದು ಕಾದು ಸಾಕಾತು ನನಗ."

"ಮಾಡೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಅಮ್ಮನ್ನ ಕರ್ಕೊಂಡು ಬಂದೆ..."

ಅವಳು ಕಣ್ಣೀರಿನಲ್ಲೇ ನಕ್ಕುಬಿಟ್ಟಳು. "ಬಾಗಲದಾಗ ಯಾಕ ನಿಂತೀರಿ? ಒಳಗ ಬರ್ರಿ, ಚಹಾ ಮಾಡ್ತೀನಿ."